ಗ್ಯಾರೇಜಿನಲ್ಲೊಂದು ತೋಟಾ ಒರಳು: ಹೊಸ ರೀಲೋಡಿಂಗ್ ಪ್ರೆಸ್ ಕೂರಿಸುವ ಕ್ರಮ

ಮರದ ಒರಳಿನಲ್ಲಿ ಶಾವಿಗೆ ಒತ್ತುವುದಕ್ಕೆ ಇಬ್ಬರು ಬೇಕು. ಒಬ್ಬರು ಹಿಡಿಕೆಗೆ ಜೋತುಬೀಳಬೇಕು, ಇನ್ನೊಬ್ಬರು ಒರಳು ಮೇಲೇಳದಂತೆ ಅದರ ಹಿಂದಿನ ಹಲಗೆಯ ಮೇಲೆ ಕೂರಬೇಕು. ಕೂರುವ ಕೆಲಸ ಯಾವಾಗಲೂ ಮಕ್ಕಳ ಪಾಲಿಗೆ. ಕೊಡಗಿನ ನಮ್ಮ ಮನೆಯಲ್ಲಿ ನೂಪುಟ್ಟು ಮಾಡುವ ದಿನ ಆ ಹಲಗೆ ನನ್ನದಾಗಿತ್ತು. ಎಷ್ಟೋ ವರ್ಷಗಳ ಮೇಲೆ ಪೆನ್ಸಿಲ್ವೇನಿಯಾದ ಗ್ಯಾರೇಜಿಗೆ ಮೊದಲ ರೀಲೋಡಿಂಗ್ ಪ್ರೆಸ್, ಅಂದರೆ ಹಾರಿಸಿದ ತೋಟಾವನ್ನು ಮತ್ತೆ ತುಂಬಿಕೊಳ್ಳುವ ಕೈಯಂತ್ರ, ತಂದಾಗ ಈ ಎರಡನೇ ಆಳಿನ ವಿಷಯ ನನಗೆ ಮರೆತೇಹೋಗಿತ್ತು. ಹಳೆಯ ಊಟದ ಮೇಜಿಗೆ ಎರಡು ಕ್ಲ್ಯಾಂಪ್ ಹಾಕಿ ಬಿಗಿದು, ತೋಟಾದ ಖಾಲಿ ಕೇಸ್ ಇಟ್ಟು, ಹಿಡಿಕೆ ಎಳೆದೆ. ಕೇಸ್ ಡೈ ಎಂಬ ಅಚ್ಚಿನ ಒಳಗೆ ಅರ್ಧವೂ ಹೋಗಲಿಲ್ಲ, ಮೇಜಿನ ಹಿಂದಿನ ಎರಡು ಕಾಲು ಮಾತ್ರ ನೆಲ ಬಿಟ್ಟು ಮೇಲೆದ್ದವು.

ಹಾಗಾಗಿ ಈ ಲೇಖನದಲ್ಲಿ ಪ್ರೆಸ್ಸಿಗಿಂತ ಅದು ಕೂರುವ ಜಾಗದ ಮಾತೇ ಹೆಚ್ಚು. ಇನ್ನೊಂದು ನಿಯಮವನ್ನು ಈಗಲೇ ಹೇಳಿಬಿಡುತ್ತೇನೆ: ಪ್ರೆಸ್ ಕೂತು, ಡೈಗಳು ಹೊಂದಿ, ಮದ್ದಿಲ್ಲದ ಒಂದು ತೋಟಾ ಅಳತೆಗೆ ಸರಿಯಾಗಿ ಹೊರಬರುವವರೆಗೆ ಆ ಕೋಣೆಗೆ ಮದ್ದನ್ನು ತರಬೇಡಿ. ನಾನು ಹೇಳುತ್ತಿರುವುದೂ ಅಲ್ಲಿಯವರೆಗಿನ ಕೆಲಸ ಮಾತ್ರ.

ಹೊಸಬರಿಗಾಗಿ ಎರಡು ಮಾತು. ತೋಟಾ ಎಂದರೆ ನಾಲ್ಕು ವಸ್ತು: ಹಿತ್ತಾಳೆಯ ಕೇಸ್, ತಳದಲ್ಲಿ ಕೂರುವ ಪ್ರೈಮರ್, ಒಳಗಿನ ಮದ್ದು, ಬಾಯಲ್ಲಿ ಕಚ್ಚಿಕೊಂಡ ಗುಂಡು. ಮಲೆನಾಡಿನ ಹಳೆಯ ಕೇಪಿನ ಕೋವಿ ನೋಡಿದವರಿಗೆ ಪ್ರೈಮರ್ ಬೇರೇನಲ್ಲ, ಆ ಕೇಪಿನ ಮೊಮ್ಮಗು. ಈಡು ಹೊಡೆದ ಮೇಲೆ ಮದ್ದು ಉರಿದುಹೋಗುತ್ತದೆ, ಗುಂಡು ಹೋಗುತ್ತದೆ, ಪ್ರೈಮರ್ ಸತ್ತಿರುತ್ತದೆ. ಉಳಿಯುವುದು ಕೇಸ್, ನಾಲ್ಕರಲ್ಲಿ ಸಾಮಾನ್ಯವಾಗಿ ಹೆಚ್ಚು ಬೆಲೆಯದೂ ಅದೇ. ಆದರೆ ಸಿಡಿದಾಗ ಅದು ಕೋವಿಯಲ್ಲಿ ತೋಟಾ ಕೂರುವ ಗೂಡಿನ ಅಳತೆಗೆ ಉಬ್ಬಿರುತ್ತದೆ. ಉಬ್ಬಿದ್ದನ್ನು ಹಿಸುಕಿ ಮೊದಲಿನ ಅಳತೆಗೆ ತರುವುದು, ಸತ್ತ ಪ್ರೈಮರನ್ನು ಹೊರದಬ್ಬುವುದು, ಕೊನೆಗೆ ಗುಂಡನ್ನು ಬಾಯಿಗೆ ಒತ್ತುವುದು, ಈ ಮೂರಕ್ಕೆ ಪ್ರೆಸ್.

ಬೋಲ್ಟಿಗೂ ಮೊದಲು ಕಾನೂನು

ಇದನ್ನು ಹಾರಿಸಿ ಮುಂದೆ ಓದಬೇಡಿ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಕೇಂದ್ರದ ಲೈಸೆನ್ಸ್ ಬೇಕಿಲ್ಲ. ಮಾರುವುದಾದರೆ ಬೇಕು. ಗೆಳೆಯನಿಗೆ ತುಂಬಿಕೊಟ್ಟು ನಾಲ್ಕು ಕಾಸು ತೆಗೆದುಕೊಂಡರೂ ಲೆಕ್ಕ ಬೇರೆಯಾಗುತ್ತದೆ. ಕೆಲವು ರಾಜ್ಯಗಳಲ್ಲಿ, ನಗರಗಳಲ್ಲಿ ಇನ್ನಷ್ಟು ಕಟ್ಟುಪಾಡುಗಳಿವೆ, ಬಾಡಿಗೆ ಮನೆಯಾದರೆ ಮಾಲೀಕರ ಕರಾರೂ ಇರುತ್ತದೆ.

ನಮ್ಮವರಿಗೆ ಇದಕ್ಕಿಂತ ಮುಖ್ಯವಾದದ್ದು ವೀಸಾ. ಎಚ್-1ಬಿ, ಎಫ್-1ನಂಥ ವಲಸೆಯೇತರ ವೀಸಾದಲ್ಲಿರುವವರು ಬಂದೂಕು ಮಾತ್ರವಲ್ಲ, ತೋಟಾ ಇಟ್ಟುಕೊಳ್ಳುವುದೂ ಅಲ್ಲಿನ ಕೇಂದ್ರ ಕಾನೂನಿನಲ್ಲಿ ಅಪರಾಧ. ಅದೇ ಕಾನೂನು ‘ತೋಟಾ’ ಎಂಬ ಮಾತಿನೊಳಗೆ ಬಿಡಿ ಕೇಸ್, ಪ್ರೈಮರ್, ಗುಂಡು, ಮದ್ದು ಎಲ್ಲವನ್ನೂ ಸೇರಿಸಿದೆ. ಅಂದರೆ ಶೂಟಿಂಗ್ ರೇಂಜಿನಲ್ಲಿ ಹೆಕ್ಕಿ ತಂದ ಖಾಲಿ ಚಿಪ್ಪು ಕೂಡ ತಗಾದೆಯ ವಸ್ತುವೇ. ಬೇಟೆಯ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ, ಆದರೆ ಅದನ್ನು ನಂಬಿ ಹೊರಡುವ ಮುನ್ನ ವಲಸೆ ವಕೀಲರನ್ನು ಕೇಳಿ. ನಾನು ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ಕಾದೆ.

ಭಾರತದಲ್ಲಿ ಓದುತ್ತಿರುವವರಿಗೆ: ಇದು ನಿಮ್ಮ ಮನೆಯ ಹವ್ಯಾಸವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ತೋಟಾ ಎಂಬುದರ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳಷ್ಟೇ ಅಲ್ಲ, ಅದನ್ನು ತಯಾರಿಸುವ ಯಂತ್ರವೂ ಸೇರಿದೆ. ಎಂದರೆ ಖಾಲಿ ಪ್ರೆಸ್ ಕೂಡ. ಲೈಸೆನ್ಸ್ ಇಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಜೈಲು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಕೈಲ್ ಪೊಳ್ದ್‌ನ ದಿನ ತೋಕ್ ಪೂ ಮುಡಿಸಿ ಪೂಜೆಗಿಟ್ಟ ಕೋವಿಯ ಪಕ್ಕ ಒಂದು ಪ್ರೆಸ್ ಇಡಬಹುದಲ್ಲ ಎಂದು ಸೂಟ್‌ಕೇಸಿನಲ್ಲಿ ಊರಿಗೆ ಕೊಂಡೊಯ್ಯುವ ಆಲೋಚನೆ ಯಾರಿಗಾದರೂ ಇದ್ದರೆ ಇಲ್ಲಿಗೇ ಬಿಡಿ.

ಯಾವ ಪ್ರೆಸ್

ಮೂರು ಬಗೆ. ಸಿಂಗಲ್ ಸ್ಟೇಜಿನಲ್ಲಿ ಒಂದು ಸಲಕ್ಕೆ ಒಂದು ಡೈ, ಹಿಡಿಕೆಯ ಒಂದು ಎಳೆತಕ್ಕೆ ಒಂದು ಕೆಲಸ. ಟರೆಟ್‌ನಲ್ಲಿ ತಲೆ ತಿರುಗುತ್ತದೆ, ಡೈಗಳು ಅದರಲ್ಲೇ ಕೂತಿರುತ್ತವೆ. ಪ್ರೊಗ್ರೆಸಿವ್‌ನಲ್ಲಿ ಪ್ರತಿ ಎಳೆತಕ್ಕೆ ನಾಲ್ಕೈದು ಕೇಸುಗಳ ಮೇಲೆ ನಾಲ್ಕೈದು ಕೆಲಸ ಒಟ್ಟಿಗೇ ಆಗಿ ಒಂದು ತೋಟಾ ಉದುರುತ್ತದೆ. ಅಂಗಡಿಯವರು ಪ್ರೊಗ್ರೆಸಿವ್ ತೋರಿಸಿ ಗಂಟೆಗೆ ಇಷ್ಟು ನೂರು ಎನ್ನುತ್ತಾರೆ. ತಪ್ಪೂ ಅಷ್ಟೇ ವೇಗದಲ್ಲಿ ಆಗುತ್ತದೆ. ಕಲಿಯುವವರಿಗೆ ಸಿಂಗಲ್ ಸ್ಟೇಜೇ ಸಾಕು, ನಾನಂತೂ ಇವತ್ತಿಗೂ ಅದನ್ನು ಬಿಟ್ಟಿಲ್ಲ. ವರ್ಷಕ್ಕೊಂದು ಜಿಂಕೆಯ ಋತು, ತಿಂಗಳಿಗೆರಡು ಸಲ ರೇಂಜು, ಇಷ್ಟಕ್ಕೆ ಅವಸರವೇನು?

ಸಿಂಗಲ್ ಸ್ಟೇಜಿನಲ್ಲೂ ಚೌಕಟ್ಟಿನ ಆಕಾರ ನೋಡಿ. ಒಂದು ಬದಿ ತೆರೆದ ‘ಸಿ’ ಆಕಾರದ್ದು ಹಗುರ, ಅಗ್ಗ, ಕೈ ಹಾಕಲು ಸಲೀಸು. ಆದರೆ ಜೋರು ಬಿದ್ದಾಗ ಬಾಯಿ ಕೂದಲೆಳೆಯಷ್ಟು ಅಗಲಿಸುತ್ತದೆ. ಸುತ್ತಲೂ ಮುಚ್ಚಿದ ‘ಓ’ ಆಕಾರದ ಎರಕದ ಕಬ್ಬಿಣ ಹಾಗೆ ಬಾಗುವುದಿಲ್ಲ. ಆರ್‌ಸಿಬಿಎಸ್‌ನ ರಾಕ್ ಚಕ್ಕರ್, ಲೀ ಪ್ರಿಸಿಷನ್‌ನ ಕ್ಲಾಸಿಕ್ ಕಾಸ್ಟ್ ಎರಡೂ ಈ ಜಾತಿಯವು. ಆರ್‌ಸಿಬಿಎಸ್ ಹೆಸರಿನ ಹಿಂದೆ ಒಂದು ತಮಾಷೆ ಇದೆ. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ 1943ರಲ್ಲಿ ಫ್ರೆಡ್ ಹಂಟಿಂಗ್ಟನ್ ಶುರುಮಾಡಿದ್ದು ಪ್ರೆಸ್ ಅಲ್ಲ, ‘ರಾಕ್ ಚಕ್’ ಎಂಬ ಬೆಟ್ಟದ ಅಳಿಲು ಹೊಡೆಯುವ ಗುಂಡುಗಳನ್ನು ಅಚ್ಚೊತ್ತುವ ಡೈ. ‘ರಾಕ್ ಚಕ್ ಬುಲೆಟ್ ಸ್ವೇಜ್’ ಎಂಬುದರ ಮೊದಲಕ್ಷರಗಳೇ ಕಂಪನಿಯ ಹೆಸರಾಗಿ ಉಳಿದವು.

ಹಳೆಯ ಪ್ರೆಸ್ ಸಿಕ್ಕರೆ ಹೆದರಬೇಡಿ. ಎರಕದ ಕಬ್ಬಿಣಕ್ಕೆ ವಯಸ್ಸಾಗುವುದಿಲ್ಲ. ಡೈ ಕೂರುವ ತೂತಿನ ಥ್ರೆಡ್ 7/8 ಇಂಚು, ಇಂಚಿಗೆ 14 ಸುತ್ತು ಇದೆಯೇ ನೋಡಿ, ಇವತ್ತು ಬಹುತೇಕ ಎಲ್ಲ ಕಂಪನಿಯ ಡೈಗಳೂ ಅದೇ ಅಳತೆಯವು. ಜೊತೆಗೆ ಕೆಳಗಿನಿಂದ ಮೇಲೇರುವ ಕಬ್ಬಿಣದ ಕಂಬ, ಅಂದರೆ ರ್‍ಯಾಮ್, ಅಕ್ಕಪಕ್ಕ ಅಲ್ಲಾಡುತ್ತದೆಯೇ ಎಂದು ಕೈಯಲ್ಲಿ ಹಿಡಿದು ನೋಡಿ. ಇವೆರಡು ಸರಿಯಿದ್ದರೆ ಬಣ್ಣ ಹೋಗಿದ್ದರೂ ತನ್ನಿ.

ಬೆಂಚು

ಹಿಡಿಕೆಯನ್ನು ಕೆಳಗೆಳೆಯುವಾಗ ಪ್ರೆಸ್ ಮುಂದಕ್ಕೆ ಬಗ್ಗಲು ನೋಡುತ್ತದೆ, ಅದರ ಬುಡದ ಹಿಂಭಾಗ ಹಲಗೆಯಿಂದ ಕಿತ್ತುಕೊಂಡು ಮೇಲೇಳಲು ನೋಡುತ್ತದೆ. ಇದನ್ನು ತಡೆಯಲು ಬೇಕಾದದ್ದು ಎರಡು: ಬಾಗದ ಹಲಗೆ, ಏಳದ ಕಾಲು.

ಹಲಗೆಗೆ ಮುಕ್ಕಾಲು ಇಂಚಿನ ಎರಡು ಪ್ಲೈವುಡ್ ಹಾಳೆಗಳನ್ನು ಅಂಟು ಮತ್ತು ಸ್ಕ್ರೂ ಹಾಕಿ ಸೇರಿಸಿದರೆ ಒಂದೂವರೆ ಇಂಚು ದಪ್ಪ ಬರುತ್ತದೆ, ಸಾಕು. ಪಾರ್ಟಿಕಲ್ ಬೋರ್ಡ್ ಬೇಡ, ಬೋಲ್ಟಿನ ಸುತ್ತ ಪುಡಿಯಾಗುತ್ತದೆ. ಕಾಲಿಗೆ ನಾಲ್ಕಿಂಚಿನ ಚೌಕ ಮರ. ಬೆಂಚಿನ ಹಿಂಭಾಗವನ್ನು ಗೋಡೆಗೆ ಬಿಗಿಯಿರಿ. ಅಮೆರಿಕದ ಮನೆಗಳ ಗೋಡೆಯೊಳಗೆ ಸಾಮಾನ್ಯವಾಗಿ 16 ಇಂಚಿಗೊಂದು ಮರದ ಕಂಬ ಇರುತ್ತದೆ. ಸ್ಕ್ರೂ ಆ ಕಂಬಕ್ಕೇ ಹೋಗಬೇಕು, ಬರೀ ಜಿಪ್ಸಮ್ ಹಲಗೆಗೆ ಹೊಡೆದರೆ ಮೊದಲ ಎಳೆತಕ್ಕೇ ಕೈಗೆ ಬರುತ್ತದೆ. ಶಾವಿಗೆ ಒರಳಿನ ಮೇಲೆ ಕೂರುತ್ತಿದ್ದ ಹುಡುಗನ ಕೆಲಸವನ್ನು ಈಗ ಗೋಡೆ ಮಾಡುತ್ತದೆ.

ಎತ್ತರ ನಿಮ್ಮ ಮೈಗೆ ತಕ್ಕಂತೆ. ನಿಂತು ಮಾಡುವವರಿಗೆ 36ರಿಂದ 42 ಇಂಚು, ಕೂತು ಮಾಡುವವರಿಗೆ ಮಾಮೂಲಿ ಮೇಜಿನಷ್ಟು. ಪುಸ್ತಕದ ಅಳತೆ ನಂಬುವ ಬದಲು ಪ್ರೆಸ್ಸನ್ನು ಹಲಗೆಯ ಮೇಲೆ ಸುಮ್ಮನೆ ಇಟ್ಟು, ಇನ್ನೊಬ್ಬರಿಗೆ ಹಿಡಿದುಕೊಳ್ಳಲು ಹೇಳಿ ಹಿಡಿಕೆ ಆಡಿಸಿ ನೋಡಿ. ಹಿಡಿಕೆ ಪೂರ್ತಿ ಕೆಳಗಿಳಿದಾಗ ಸೊಂಟ ಬಗ್ಗಬಾರದು. ಮೇಲಿದ್ದಾಗ ಕೇಸಿನ ಬಾಯೊಳಗೆ ಕಣ್ಣು ಹಾಯಬೇಕು. ಈ ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ಮುಂದೆ ಮದ್ದು ತುಂಬುವ ದಿನ ಒಳಗೆ ಎಷ್ಟಿದೆ ಎಂದು ಕಣ್ಣಲ್ಲೇ ನೋಡುವುದಕ್ಕೆ ಇದು ಬೇಕು.

ಜಾಗದ ವಿಷಯ: ಒಲೆ, ನೀರು ಕಾಯಿಸುವ ಗ್ಯಾಸ್ ಹೀಟರ್, ಬೆಂಕಿಗೂಡು ಇರುವ ಕೋಣೆ ಬೇಡ. ಅಡುಗೆಮನೆ ಮೇಜು ಬೇಡವೇ ಬೇಡ. ಸತ್ತ ಪ್ರೈಮರಿನಿಂದ ಬರುವ ಕಪ್ಪು ಧೂಳಿನಲ್ಲಿ ಸೀಸ ಇರುತ್ತದೆ, ಅದು ಕೈಯಿಂದ ಬಾಯಿಗೆ ಬಹಳ ಬೇಗ ದಾರಿ ಹುಡುಕುತ್ತದೆ. ಬೆಂಚಿನ ಮೇಲೆ ಕಾಫಿ ಲೋಟ ಇಡಬೇಡಿ. ಕೆಲಸ ಮುಗಿದ ಮೇಲೆ ತಣ್ಣೀರಿನಲ್ಲಿ ಸೋಪು ಹಾಕಿ ಕೈ ತೊಳೆಯಿರಿ. ಪೊರಕೆಯಲ್ಲಿ ಗುಡಿಸಿ ಧೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಮಕ್ಕಳಿರುವ ಮನೆಯಾದರೆ ಬೀಗ ಇರುವ ಬಾಗಿಲು ಬೇಕು.

ಪ್ರೆಸ್ ಬಿಗಿಯುವುದು

ಇಲ್ಲಿ ಒಂದೊಂದೇ ಮಾಡಿ.

ಪೆಟ್ಟಿಗೆಯಿಂದ ತೆಗೆದ ಪ್ರೆಸ್ಸಿಗೆ ತುಕ್ಕು ತಡೆಯುವ ಜಿಡ್ಡು ಬಳಿದಿರುತ್ತಾರೆ. ಮಿನರಲ್ ಸ್ಪಿರಿಟ್ಸ್ ಹಾಕಿದ ಬಟ್ಟೆಯಿಂದ ಅದನ್ನೆಲ್ಲ ಒರೆಸಿ, ಬಟ್ಟೆಯನ್ನು ಮುದ್ದೆ ಮಾಡದೆ ಹೊರಗೆ ಹರವಿ ಒಣಗಿಸಿ. ರ್‍ಯಾಮಿಗೂ ಕೀಲುಗಳಿಗೂ ಒಂದೊಂದು ಹನಿ ಮೆಷಿನ್ ಎಣ್ಣೆ. ಹೆಚ್ಚು ಬೇಡ, ಮುಂದೆ ಪ್ರೈಮರ್ ಇದೇ ಜಾಗದ ಆಸುಪಾಸಿನಲ್ಲಿ ಓಡಾಡುತ್ತದೆ, ಎಣ್ಣೆ ತಾಗಿದ ಪ್ರೈಮರನ್ನು ನಂಬುವಂತಿಲ್ಲ.

ಪ್ರೆಸ್ಸಿನ ಬುಡವನ್ನು ಬೆಂಚಿನ ಮುಂದಂಚಿಗೆ ತನ್ನಿ. ಸಾಧ್ಯವಾದರೆ ಕಾಲಿನ ಹತ್ತಿರಕ್ಕೇ. ಎರಡು ಕಾಲುಗಳ ನಟ್ಟನಡುವೆ ಇಟ್ಟರೆ ಹಲಗೆ ಅಲ್ಲಿಯೇ ಹೆಚ್ಚು ಬಾಗುತ್ತದೆ. ಕಾಲಿಗೆ ತೀರಾ ಅಂಟಿಸಿದರೆ ಕೆಳಗಿಳಿಯುವ ಕೊಂಡಿಗಳು ಅದಕ್ಕೆ ಬಡಿಯುತ್ತವೆ, ಸತ್ತ ಪ್ರೈಮರ್ ಬೀಳುವ ಕೊಳವೆಗೂ ಜಾಗ ಇರುವುದಿಲ್ಲ. ಮೂರ್ನಾಲ್ಕು ಇಂಚು ಬಿಡಿ.

ಇನ್ನೂ ತೂತು ಕೊರೆಯಬೇಡಿ. ಹಿಡಿಕೆಯನ್ನು ಮೇಲಿನಿಂದ ಕೊನೆಯವರೆಗೆ ಒಮ್ಮೆ ಇಳಿಸಿ. ಬೆಂಚಿನ ಅಂಚಿಗೆ, ಡ್ರಾಯರಿನ ಹಿಡಿಗೆ, ಗೋಡೆಗೆ, ನಿಮ್ಮ ಮೊಣಕಾಲಿಗೆ ಎಲ್ಲಾದರೂ ತಾಗುತ್ತದೆಯೇ? ತಾಗದಿದ್ದರೆ ಪೆನ್ಸಿಲಿನಲ್ಲಿ ತೂತುಗಳ ಗುರುತು ಹಾಕಿ, ಪ್ರೆಸ್ ಪಕ್ಕಕ್ಕಿಟ್ಟು, ಹಲಗೆಯ ಆಚೆಗೂ ಹೊರಡುವಂತೆ ನೇರವಾಗಿ ಕೊರೆಯಿರಿ. ಮರದ ಸ್ಕ್ರೂ ಸಾಲದು. ಮೇಲಿಂದ ಕೆಳಕ್ಕೆ ಹಾಯುವ ಬೋಲ್ಟೇ ಬೇಕು, ಅಡಿಯಲ್ಲಿ ದೊಡ್ಡ ವಾಷರ್ ಅಥವಾ ಉಕ್ಕಿನ ಪಟ್ಟಿ, ಅದರ ಕೆಳಗೆ ನೈಲಾನ್ ಇರುವ ಲಾಕ್ ನಟ್. ಬೋಲ್ಟಿನ ದಪ್ಪ ಕೈಪಿಡಿಯಲ್ಲಿರುತ್ತದೆ. ಎಲ್ಲವನ್ನೂ ಅರ್ಧರ್ಧ ಬಿಗಿದು, ಆಮೇಲೆ ಮೂಲೆಯಿಂದ ಮೂಲೆಗೆ ದಾಟುತ್ತ ಪೂರ್ತಿ ಬಿಗಿಯಿರಿ, ಕಾರಿನ ಚಕ್ರ ಬಿಗಿದ ಹಾಗೆ. ವಾರದ ಮೇಲೆ ಇನ್ನೊಮ್ಮೆ ಬಿಗಿಯಬೇಕು, ಪ್ಲೈವುಡ್ ಅಷ್ಟರಲ್ಲಿ ಸ್ವಲ್ಪ ಅಮುಕಿಕೊಂಡಿರುತ್ತದೆ.

ಪರೀಕ್ಷೆಗೆ ನನ್ನದೊಂದು ಉಪಾಯ. ಬೆಂಚಿನ ಆ ತುದಿಯಲ್ಲಿ ಅಂಚಿನವರೆಗೆ ನೀರು ತುಂಬಿದ ಲೋಟ ಇಟ್ಟು, ಮುಂದೆ ಹೇಳುವಂತೆ ಡೈ ಕೂರಿಸಿ ಜಿಡ್ಡು ಹಚ್ಚಿದ ಮೇಲೆ ಒಂದು ಕೇಸ್ ಹಿಸುಕಿ. ನೀರು ನಡುಗಲಿ ಪರವಾಗಿಲ್ಲ. ಚೆಲ್ಲಿದರೆ ಬೆಂಚಿಗೆ ಇನ್ನೊಂದು ಅಡ್ಡಪಟ್ಟಿ ಬೇಕು.

ಶೆಲ್‌ಹೋಲ್ಡರ್ ಮತ್ತು ಸೈಜಿಂಗ್ ಡೈ

ಉದಾಹರಣೆಗೆ .308 ವಿಂಚೆಸ್ಟರ್ ಇಟ್ಟುಕೊಳ್ಳೋಣ. ನನ್ನ ಬೇಟೆಯ ಕೋವಿ ಅದೇ. 1952ರಲ್ಲಿ ಮಾರುಕಟ್ಟೆಗೆ ಬಂದ ಈ ತೋಟಾ, ನಮ್ಮ ಸೈನ್ಯದಲ್ಲಿದ್ದ ಹಿರಿಯರಿಗೆ ಎಸ್‌ಎಲ್‌ಆರ್ ರೈಫಲಿನಿಂದ ಪರಿಚಯವಿರುವ 7.62ರ ಅಣ್ಣತಮ್ಮ. ಅಣ್ಣತಮ್ಮ ಎಂದೆ, ಅವಳಿ ಅನ್ನಲಿಲ್ಲ. ಸೈನ್ಯದ ಕೇಸಿನ ಗೋಡೆ ಸಾಮಾನ್ಯವಾಗಿ ದಪ್ಪ, ಒಳಗಿನ ಜಾಗ ಕಡಿಮೆ. ಹಾಗಾಗಿ ಎರಡನ್ನೂ ಒಂದೇ ಡಬ್ಬಿಗೆ ಸುರಿಯಬೇಡಿ.

ಶೆಲ್‌ಹೋಲ್ಡರ್ ಎಂದರೆ ರ್‍ಯಾಮಿನ ತಲೆಯಲ್ಲಿ ಕೂತು ಕೇಸಿನ ತಳದಂಚನ್ನು ಹಿಡಿಯುವ ಬೆರಳ ತುದಿಯಷ್ಟು ದೊಡ್ಡ ತುಂಡು. ಕಂಪನಿಗೊಂದು ನಂಬರು. ಇದೇ .308ಕ್ಕೆ ಆರ್‌ಸಿಬಿಎಸ್‌ನದು 3, ಲೀಯದು 2, ಹಾರ್ನಡಿಯದು 1. ನಂಬರು ಒಂದೇ ಎಂದು ಬೇರೆ ಕಂಪನಿಯದನ್ನು ತಂದವರು ಅಂಗಡಿಗೆ ವಾಪಸು ಹೋಗುವುದನ್ನು ನೋಡಿದ್ದೇನೆ. ತಳ್ಳಿದಾಗ ಟಕ್ ಎಂದು ಕೂರಬೇಕು, ಬೆರಳಿನಿಂದ ತಿರುಗಿಸಿದರೆ ತಿರುಗಬೇಕು.

ಈಗ ಕೇಸನ್ನು ಹಿಸುಕಿ ಅಳತೆಗೆ ತರುವ ಸೈಜಿಂಗ್ ಡೈ. ಇದರ ನಡುವೆ ಒಂದು ಕಡ್ಡಿ, ತುದಿಯಲ್ಲಿ ಸೂಜಿ, ಅದು ಸತ್ತ ಪ್ರೈಮರನ್ನು ಹೊರಗೆ ನೂಕುತ್ತದೆ. ಸೂಜಿ ಡೈಯ ಬಾಯಿಂದ ಸುಮಾರು 5 ಮಿಲಿಮೀಟರ್ ಕೆಳಗಿಳಿದಿರಲಿ.

ಖಾಲಿ ರ್‍ಯಾಮನ್ನು ಪೂರ್ತಿ ಮೇಲಕ್ಕೆ ತನ್ನಿ. ಡೈಯನ್ನು ಕೈಯಲ್ಲೇ ತಿರುಗಿಸುತ್ತ ಇಳಿಸಿ, ಅದರ ಬಾಯಿ ಶೆಲ್‌ಹೋಲ್ಡರಿನ ತಲೆಗೆ ಮುಟ್ಟಿದಾಗ ನಿಲ್ಲಿಸಿ. ರ್‍ಯಾಮ್ ಇಳಿಸಿ, ಡೈಯನ್ನು ಇನ್ನೂ ಎಂಟನೇ ಒಂದರಿಂದ ಕಾಲು ಸುತ್ತು ಇಳಿಸಿ. ಇಂಚಿಗೆ 14 ಸುತ್ತಿನ ಥ್ರೆಡ್‌ನಲ್ಲಿ ಎಂಟನೇ ಒಂದು ಸುತ್ತು ಎಂದರೆ ಕಾಲು ಮಿಲಿಮೀಟರಿಗೂ ಕಡಿಮೆ. ಮತ್ತೆ ರ್‍ಯಾಮ್ ಏರಿಸಿದಾಗ ಹಿಡಿಕೆ ಕೊನೆಯ ಒಂದಿಂಚಿನಲ್ಲಿ ಬಿಗಿಯಾಗಿ, ಒಂದು ಹೊರಳು ಹೊರಳಿ ಕೂರುತ್ತದೆ. ಆ ಹೊರಳು ಕೈಗೆ ಒಮ್ಮೆ ಗೊತ್ತಾದರೆ ಮತ್ತೆ ಮರೆಯುವುದಿಲ್ಲ, ಹಳೆಯ ಮನೆಯ ಅಗುಳಿ ಕೂತ ಹಾಗೆ. ರ್‍ಯಾಮನ್ನು ಅದೇ ಬಿಗಿಯಲ್ಲಿ ಮೇಲಿಟ್ಟುಕೊಂಡೇ ಡೈಯ ಲಾಕ್ ರಿಂಗ್ ಬಿಗಿಯಿರಿ, ಆಗ ಡೈ ಓರೆಯಾಗದೆ ನಡುವಿಗೇ ಕೂರುತ್ತದೆ. ಕಾರ್ಬೈಡ್ ಉಂಗುರವಿರುವ ಪಿಸ್ತೂಲಿನ ಡೈಗೆ ಮಾತ್ರ ಇದು ಸಲ್ಲದು. ಕಾರ್ಬೈಡ್ ಗಟ್ಟಿ, ಆದರೆ ಗಾಜಿನ ಸ್ವಭಾವದ್ದು. ಶೆಲ್‌ಹೋಲ್ಡರನ್ನು ಗುದ್ದಿದರೆ ಬಿರುಕು ಬಿಡುತ್ತದೆ, ಅಲ್ಲಿ ಕೂದಲೆಳೆಯ ಸಂದು ಬಿಡಬೇಕು.

ಮೊದಲ ಕೇಸ್

ಒಮ್ಮೆ ಸಿಡಿಸಿದ, ನಿಮ್ಮದೇ ಕೋವಿಯ, ಒಂದೇ ಕಂಪನಿಯ ಹತ್ತು ಕೇಸು ತೆಗೆದುಕೊಳ್ಳಿ. ಒಂದೊಂದನ್ನೂ ದೀಪದ ಕೆಳಗೆ ತಿರುಗಿಸಿ ನೋಡಿ. ಬಾಯಲ್ಲಿ ಸೀಳು, ತಳದಿಂದ ಸ್ವಲ್ಪ ಮೇಲೆ ಬಳೆಯಂಥ ಹೊಳಪು ಗೆರೆ ಇದ್ದರೆ ಎಸೆಯಿರಿ. ಗೋಡೆ ಒಳಗಿಂದ ತೆಳುವಾಗುತ್ತಿದೆ ಎಂದು ಆ ಗೆರೆಯ ಅರ್ಥ. ಕೇಸಿನೊಳಗೂ ಇಣುಕಿ. ತಳದಲ್ಲಿ ನಡುವೆ ಒಂದೇ ತೂತು ಕಂಡರೆ ಬಾಕ್ಸರ್ ಬಗೆ, ಕೆಲಸ ಮುಂದುವರಿಸಿ. ಎರಡು ಸಣ್ಣ ತೂತು ಕಂಡರೆ ಬರ್ಡಾನ್ ಬಗೆ, ಅದರಲ್ಲಿ ಡೈಯ ಸೂಜಿ ಮುರಿಯುತ್ತದೆ. ಬಾಕ್ಸರ್ ಇಂಗ್ಲೆಂಡಿನವನು, ಬರ್ಡಾನ್ ಅಮೆರಿಕದವನು. ಆದರೆ ಬಾಕ್ಸರನ ಪ್ರೈಮರ್ ಅಮೆರಿಕದಲ್ಲಿ ನೆಲೆಯೂರಿತು, ಬರ್ಡಾನನದು ಸಮುದ್ರ ದಾಟಿ ಯುರೋಪಿಗೆ ಹೋಯಿತು.

ಸತ್ತ ಪ್ರೈಮರ್ ಮಾತ್ರ ಹೊರದಬ್ಬಿ. ಸಿಡಿಯದ ಪ್ರೈಮರ್ ಇರುವ ಕೇಸನ್ನು ಡೈಗೆ ಕೊಡಬೇಡಿ. ಕಣ್ಣಿಗೆ ಕನ್ನಡಕ ಈ ಕ್ಷಣದಿಂದ ಕೊನೆಯವರೆಗೆ ಇರಲಿ.

ಇನ್ನು ಜಿಡ್ಡು. .308ನಂಥ ಕುತ್ತಿಗೆಯುಳ್ಳ ಕೇಸಿಗೆ ಲ್ಯೂಬ್ ಹಚ್ಚದೆ ಡೈಗೆ ಕೊಟ್ಟರೆ ಅದು ಒಳಗೇ ಕಚ್ಚಿಕೊಳ್ಳುತ್ತದೆ. ನನಗೆ ಎರಡನೇ ದಿನವೇ ಆಯಿತು. ಒಂಬತ್ತು ಕೇಸಿಗೆ ಹಚ್ಚಿದ್ದೆ, ಹತ್ತನೆಯದನ್ನು ಹಚ್ಚಿದ ಗುಂಪಿನಿಂದಲೇ ತೆಗೆದೆ ಎಂದುಕೊಂಡಿದ್ದೆ. ಏರುವಾಗ ಕಿರ್ ಎಂಬ ಸಣ್ಣ ಸದ್ದು ಬಂತು. ಅಲ್ಲಿಗೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಇಳಿಸುವಾಗ ಹಿಡಿಕೆ ಹೆಂಡತಿಯ ಕಡೆಯ ನೆಂಟನ ಹಾಗೆ ಅಲ್ಲಾಡಲೇ ಇಲ್ಲ. ಇನ್ನೂ ಜೋರಾಗಿ ಎಳೆದಾಗ ಕೇಸಿನ ತಳದಂಚು ಹರಿದು ಶೆಲ್‌ಹೋಲ್ಡರಿನಲ್ಲಿ ಉಳಿಯಿತು, ಉಳಿದ ಕೇಸ್ ಡೈ ಒಳಗೆ. ತೆಗೆಯುವ ದಾರಿ ಇದೆ: ಕಡ್ಡಿಯನ್ನು ಆದಷ್ಟು ಮೇಲಕ್ಕೆ ತಿರುಗಿಸಿ, ಕೇಸಿನ ತಳವನ್ನು ಕೊರೆದು, ಅದಕ್ಕೆ ಕಾಲಿಂಚಿನ ಥ್ರೆಡ್ ಹಾಕಿ, ಮೇಲೊಂದು ಟೋಪಿಯಂಥ ತುಂಡನ್ನಿಟ್ಟು ಬೋಲ್ಟ್ ಬಿಗಿಯುತ್ತ ಎಳೆಯುವುದು. ಇದಕ್ಕೆಂದೇ ಸಿದ್ಧ ಕಿಟ್ ಸಿಗುತ್ತದೆ. ಪ್ರೆಸ್ ಕೊಳ್ಳುವಾಗಲೇ ಅದನ್ನೂ ಕೊಂಡಿಡಿ. ಭಾನುವಾರ ಸಂಜೆ ಅಂಗಡಿ ಮುಚ್ಚಿರುತ್ತದೆ.

ಹಚ್ಚುವ ಕ್ರಮ: ಇಂಪೀರಿಯಲ್‌ನಂಥ ಸೈಜಿಂಗ್ ಮೇಣವಾದರೆ ಬೆರಳಿಗೆ ತಾಗಿತೋ ಇಲ್ಲವೋ ಅನ್ನುವಷ್ಟು ತೆಗೆದು ಕೇಸಿನ ಮೈಗೆ, ಮುಖ್ಯವಾಗಿ ತಳದ ಕಡೆಗೆ, ತಿರುಗಿಸಿ ಒರೆಸಿ. ಕುತ್ತಿಗೆಯ ಒಳಗೆ ಬ್ರಷ್‌ನಲ್ಲಿ ಒಂದು ಸವರು. ಕೇಸಿನ ಮೈ ಕುತ್ತಿಗೆಗೆ ಕಿರಿದಾಗುವ ಭುಜದ ಮೇಲೆ ಹೆಚ್ಚಾದರೆ ಜಿಡ್ಡಿಗೆ ಹೋಗಲು ಜಾಗವಿಲ್ಲದೆ ಹಿತ್ತಾಳೆಯೇ ಒಳಗೆ ಕುಸಿದು ಗುಳಿ ಬೀಳುತ್ತದೆ. ಮನೆಯಲ್ಲಿರುವ ಡಬ್ಲ್ಯೂಡಿ-40 ಇದಕ್ಕೆ ಆಗದು. ತೆಂಗಿನೆಣ್ಣೆಯೂ ಆಗದು, ಕೇಳಿದವರಿದ್ದಾರೆ.

ಹಿಡಿಕೆ ಒಂದೇ ಸಮನೆ ಇಳಿಯಲಿ. ಬೆಣ್ಣೆಗೆ ಚಾಕು ಹಾಕಿದಷ್ಟು ಸುಲಭವಲ್ಲ, ಆದರೆ ಉದ್ದಕ್ಕೂ ಒಂದೇ ಬಿಗಿ ಇರಬೇಕು. ಎಲ್ಲಾದರೂ ಹಠ ಮಾಡಿದರೆ ನಿಲ್ಲಿಸಿ, ವಾಪಸು ತೆಗೆದು, ಜಿಡ್ಡು ಹಚ್ಚಿ. ಹೊರಬಂದ ಕೇಸನ್ನು ಚೆನ್ನಾಗಿ ಒರೆಸಿ, ಜಿಡ್ಡು ಉಳಿದ ಕೇಸ್ ಕೋವಿಯ ಗೂಡಿನಲ್ಲಿ ಹಿಡಿತ ಬಿಟ್ಟು, ಗೂಡನ್ನು ಹಿಂದಿನಿಂದ ಮುಚ್ಚುವ ಕೋವಿಯ ಬೋಲ್ಟಿನ ಮೇಲೆ ಹೆಚ್ಚು ಒತ್ತಡ ಹಾಕುತ್ತದೆ.

ಅಳೆಯುವುದು

ಕ್ಯಾಲಿಪರ್ ಇಲ್ಲದೆ ಮುಂದೆ ಹೋಗಬೇಡಿ. .308 ಕೇಸಿನ ಗರಿಷ್ಠ ಉದ್ದ 2.015 ಇಂಚು, ಕತ್ತರಿಸಿ ತರಬೇಕಾದ ಉದ್ದ 2.005. ಹಿಸುಕಿದಾಗ ಹಿತ್ತಾಳೆ ಕುತ್ತಿಗೆಯ ಕಡೆಗೆ ಹರಿದು ಕೇಸ್ ಉದ್ದವಾಗುತ್ತದೆ, ಆದ್ದರಿಂದ ಅಳತೆ ಯಾವಾಗಲೂ ಹಿಸುಕಿದ ಮೇಲೆ. ಉದ್ದ ಮೀರಿದ ಕೇಸಿನ ಬಾಯಿ ಗೂಡಿನ ತುದಿಗೆ ಸಿಕ್ಕಿ ಗುಂಡನ್ನು ಬಿಗಿಯಾಗಿ ಹಿಡಿದುಬಿಟ್ಟರೆ ಒತ್ತಡ ಅಪಾಯಕ್ಕೆ ಏರುತ್ತದೆ. ಕತ್ತರಿಸಿದ ಮೇಲೆ ಬಾಯಿಯ ಒಳಗೂ ಹೊರಗೂ ಚಾಂಫರ್ ಮಾಡಿ, ಅಂದರೆ ಅಂಚನ್ನು ಸ್ವಲ್ಪ ಓರೆಯಾಗಿ ಕೆರೆಯಿರಿ, ಗೀರು ಉಳಿಯದಿರಲಿ.

ಆಮೇಲೆ, ಡೈ ಸರಿಯಾಗಿ ಕೂತಿದೆಯೇ ಎಂಬುದಕ್ಕೆ ಕೊನೆಯ ತೀರ್ಪು ಕೇಸ್ ಗೇಜಿನದು, ಅಂದರೆ ಕೋವಿಯ ಗೂಡಿನ ಅಳತೆಗೆ ಕೊರೆದ ಲೋಹದ ತುಂಡಿನದು. ಕೇಸನ್ನು ಗೇಜಿನೊಳಗೆ ಬಿಟ್ಟಾಗ ತಳ ಮೇಲಿನ ಎರಡು ಮೆಟ್ಟಿಲುಗಳ ನಡುವೆ ನಿಲ್ಲಬೇಕು. ಎತ್ತರ ನಿಂತರೆ ಡೈ ಇನ್ನೂ ಸ್ವಲ್ಪ ಇಳಿಯಬೇಕು, ತಗ್ಗಿ ಹೋದರೆ ಹೆಚ್ಚು ಹಿಸುಕಿದ್ದೀರಿ, ಡೈ ಮೇಲಕ್ಕೆ. ಹೆಚ್ಚು ಹಿಸುಕಿದ ಕೇಸು ಪ್ರತಿ ಈಡಿಗೂ ಹಿಗ್ಗಿ ಹಿಗ್ಗಿ ಮೂರ್ನಾಲ್ಕು ಸಲಕ್ಕೇ ಮೊದಲು ಹೇಳಿದ ಬಳೆಗೆರೆ ತೋರಿಸುತ್ತದೆ. ಹತ್ತೂ ಕೇಸುಗಳು ಗೇಜಿನಲ್ಲಿ ಒಂದೇ ಥರ ನಿಂತ ಮೇಲೆ ಸೈಜಿಂಗ್ ಡೈ ಮುಗಿಯಿತು. ಲಾಕ್ ರಿಂಗ್ ಮುಟ್ಟದೆ ಡೈ ಬಿಚ್ಚಿ ಪೆಟ್ಟಿಗೆಗೆ ಹಾಕಿ.

ಸೀಟಿಂಗ್ ಡೈ ಮತ್ತು ಮದ್ದಿಲ್ಲದ ತೋಟಾ

ಪ್ರೈಮರೂ ಮದ್ದೂ ಇಲ್ಲದ, ಕತ್ತರಿಸಿ ಒರೆಸಿದ ಕೇಸನ್ನು ರ್‍ಯಾಮಿನಲ್ಲಿಟ್ಟು ಪೂರ್ತಿ ಏರಿಸಿ. ಗುಂಡು ಕೂರಿಸುವ ಸೀಟಿಂಗ್ ಡೈಯಲ್ಲಿ ಗುಂಡನ್ನು ಒತ್ತುವ ನಡುವಿನ ಕಾಂಡವನ್ನು ಮೊದಲೇ ಬಹಳ ಮೇಲಕ್ಕೆ ತಿರುಗಿಸಿಟ್ಟಿರಿ. ಡೈಯನ್ನು ಕೈಯಲ್ಲಿ ಇಳಿಸುತ್ತ ಹೋದರೆ ಒಂದು ಹಂತದಲ್ಲಿ ಕೇಸಿನ ಬಾಯಿ ಒಳಗಿನ ಮೆಟ್ಟಿಲಿಗೆ ತಾಗಿದ್ದು ಬೆರಳಿಗೆ ತಿಳಿಯುತ್ತದೆ. ಅದು ಬಾಯಿ ಮಡಿಸುವ ಮೆಟ್ಟಿಲು. ನಮಗೆ ಈಗ ಮಡಿಸುವುದು ಬೇಡ, ಒಂದು ಪೂರ್ತಿ ಸುತ್ತು ಹಿಂದಕ್ಕೆ ತಿರುಗಿಸಿ ಲಾಕ್ ಮಾಡಿ.

ಕೇಸಿನ ಬಾಯಿಗೆ ಗುಂಡನ್ನು ಬೆರಳಲ್ಲಿ ನೆಟ್ಟಗೆ ನಿಲ್ಲಿಸಿ ಏರಿಸಿ. ಕಾಂಡ ಮೇಲಿರುವುದರಿಂದ ಗುಂಡು ಸ್ವಲ್ಪವೇ ಒಳಹೋಗುತ್ತದೆ. ತೆಗೆದು ಅಳೆಯಿರಿ, ಕಾಂಡವನ್ನು ಅರ್ಧ ಸುತ್ತು ಇಳಿಸಿ, ಮತ್ತೆ ಒತ್ತಿ, ಮತ್ತೆ ಅಳೆಯಿರಿ. ಹತ್ತಿರ ಬಂದ ಮೇಲೆ ಎಂಟನೇ ಒಂದು ಸುತ್ತು. .308ರ ಗರಿಷ್ಠ ಒಟ್ಟು ಉದ್ದ 2.810 ಇಂಚು, ಆದರೆ ನೀವು ನಿಲ್ಲಬೇಕಾದದ್ದು ನಿಮ್ಮ ಗುಂಡಿಗೆ ಲೋಡ್ ಪುಸ್ತಕ, ಅಂದರೆ ಮದ್ದು-ಗುಂಡಿನ ಅಳತೆಗಳ ಕೈಪಿಡಿ, ಕೊಟ್ಟಿರುವ ಉದ್ದದಲ್ಲಿ. ಲೈಮನ್, ಹಾರ್ನಡಿಯಂಥವರ ಈಚಿನ ಮುದ್ರಣ ಒಂದು ಕೈಲಿರಲಿ, ಗುಂಡು ತಯಾರಿಸಿದವರದೇ ಆದರೆ ಇನ್ನೂ ಒಳ್ಳೆಯದು. ಮದ್ದಿನ ಅಳತೆ ನಾನು ಇಲ್ಲಿ ಕೊಡುವುದಿಲ್ಲ. ಅದನ್ನು ಗೆಳೆಯರ ಬಾಯಿಂದ, ಯಾರೋ ಬರೆದ ಲೇಖನದಿಂದ ತೆಗೆದುಕೊಳ್ಳುವ ವಸ್ತುವೇ ಅಲ್ಲ. ಒಂದೇ ತೂಕದ ಎರಡು ಕಂಪನಿಯ ಗುಂಡಿಗೂ ಲೆಕ್ಕ ಬದಲಾಗುತ್ತದೆ.

ಗುಂಡು ಒತ್ತುವಾಗ ಹಿತ್ತಾಳೆ ಕುಸಿದು ಭುಜದ ಬಳಿ ಸುಕ್ಕು ಬಂತೇ? ಡೈ ತೀರಾ ಕೆಳಗಿದೆ, ಮೆಟ್ಟಿಲು ಬಾಯಿಗೆ ತಾಗುತ್ತಿದೆ. ಗುಂಡಿನ ಮೈ ಕೆರೆದು ಸಣ್ಣ ತಾಮ್ರದ ಸುರುಳಿ ಎದ್ದಿತೇ? ಚಾಂಫರ್ ಸಾಲದು. ಬೆರಳಿನಿಂದ ಒತ್ತಿದರೆ ಗುಂಡು ಒಳಸರಿಯುತ್ತದೆಯೇ? ಕುತ್ತಿಗೆಗೆ ಹಿಡಿತವಿಲ್ಲ, ಆ ಕೇಸ್ ಬದಿಗಿಡಿ.

ಸರಿಯಾಗಿ ಬಂದ ಡಮ್ಮಿಯ, ಅಂದರೆ ಈ ಮದ್ದಿಲ್ಲದ ತೋಟಾದ, ಮೈಯಲ್ಲಿ ಕಾಣುವಂತೆ ಗುರುತು ಬೇಕು. ಗುಂಡು ಕೂರಿಸುವ ಮುನ್ನವೇ ಕೇಸಿನ ಪಕ್ಕಕ್ಕೆ ಒಂದು ತೂತು ಕೊರೆಯುವುದು ಹಳೆಯ ರೂಢಿ, ಕತ್ತಲಲ್ಲಿ ಬೆರಳಿಗೂ ಗೊತ್ತಾಗುತ್ತದೆ. ಪ್ರೈಮರ್ ಜಾಗವೂ ಖಾಲಿಯೇ ಇರಲಿ. ಅದನ್ನು ಮ್ಯಾಗಜೀನಿಗೆ ಹಾಕಿ ನೋಡಿ, ಸಲೀಸಾಗಿ ಒಳಹೋಗಿ ಹೊರಬರಬೇಕು.

ಮದ್ದು ಬರುವ ದಿನಕ್ಕೆ

ಮೂಲ ಡಬ್ಬಿಯಲ್ಲೇ ಇಡಿ. ಗಾಜಿನ ಬಾಟಲಿಗೆ, ಹಳೆಯ ಕಾಫಿ ಪುಡಿಯ ಡಬ್ಬಕ್ಕೆ ಸುರಿಯಬೇಡಿ. ಗಟ್ಟಿ ಉಕ್ಕಿನ ಪೆಟ್ಟಿಗೆಯೂ ಬೇಡ, ಬೆಂಕಿ ಬಿದ್ದರೆ ಒತ್ತಡ ಹೊರಹೋಗಲು ದಾರಿ ಇರಬೇಕು. ಅಮೆರಿಕದ ಅನೇಕ ಊರುಗಳ ಅಗ್ನಿ ನಿಯಮಗಳಿಗೆ ಆಧಾರವಾದ, ಅಲ್ಲಿನ ಅಗ್ನಿ ಸುರಕ್ಷಾ ಸಂಸ್ಥೆಯ ಎನ್‌ಎಫ್‌ಪಿಎ 495 ಎಂಬ ನಿಯಮಾವಳಿಯ ಪ್ರಕಾರ ಮನೆಯಲ್ಲಿ ಮೂಲ ಡಬ್ಬಿಯಲ್ಲಿಡಬಹುದಾದ ಹೊಗೆರಹಿತ ಮದ್ದು 20 ಪೌಂಡ್, ಅಂದರೆ 9 ಕಿಲೋ. 50 ಪೌಂಡಿನವರೆಗೆ ಇಡುವುದಾದರೆ ಒಂದಿಂಚು ದಪ್ಪದ ಮರದ ಪೆಟ್ಟಿಗೆ ಬೇಕು. ಪ್ರೈಮರ್ 10,000ದವರೆಗೆ. ನಿಮ್ಮ ಊರಿನ ನಿಯಮ ಇದಕ್ಕಿಂತ ಬಿಗಿಯಿರಬಹುದು, ಅಗ್ನಿಶಾಮಕ ಠಾಣೆಗೆ ಒಂದು ಫೋನ್ ಮಾಡಿ ಕೇಳಿ. ಮದ್ದೂ ಪ್ರೈಮರೂ ಒಂದೇ ಕಪಾಟಿನಲ್ಲಿ ಬೇಡ. ಬೆಂಚಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ.

ಡಮ್ಮಿಯನ್ನು ಡೈ ಪೆಟ್ಟಿಗೆಯೊಳಗೇ ಇಡಿ, ಜೊತೆಗೊಂದು ಚೀಟಿ: ಗುಂಡಿನ ಹೆಸರು, ತೂಕ, ಒಟ್ಟು ಉದ್ದ, ತಾರೀಖು. ಮುಂದಿನ ಸಲ ಡೈ ಕೂರಿಸುವಾಗ ಈ ಡಮ್ಮಿಯನ್ನೇ ರ್‍ಯಾಮಿನಲ್ಲಿಟ್ಟು ಏರಿಸಿ, ಕಾಂಡವನ್ನು ಗುಂಡಿನ ಮೂತಿಗೆ ಮುಟ್ಟುವವರೆಗೆ ತಿರುಗಿಸಿದರೆ ಐದು ನಿಮಿಷದಲ್ಲಿ ಹಳೆಯ ಸೆಟ್ಟಿಂಗ್ ಬಂದು ಕೂರುತ್ತದೆ. ಆದರೂ ಮೊದಲನೆಯದನ್ನು ಒತ್ತಿದ ಮೇಲೆ ಕ್ಯಾಲಿಪರ್ ಹಿಡಿಯಿರಿ.